ಕಣ್ಣು ಮುಚ್ಚಿ ಓದಿದ ಪುಟಗಳು

ಪ್ರೆಸ್ಸಿನ ಮೇಲಿನ ಕೋಣೆ
ಹನ್ನೊಂದನೆಯ ತಾರೀಕು, ಮಧ್ಯಾಹ್ನ

ಮುದ್ದಿನ ಚಿಕ್ಕವಳೇ,

ಹೇಗಿದ್ದೀಯ? ನೆಗಡಿ ಬಿಟ್ಟಿತೆ? ಬುಧವಾರ ನಿನ್ನ ಸಂದರ್ಶನ. ಕಟ್ಟಿದ ಗಂಟಲಲ್ಲಿ ಹೋಗಬೇಡ, ಬಿಸಿನೀರು ಕುಡಿ. ನನ್ನ ಕಣ್ಣು ಇನ್ನೂ ಚೆನ್ನಾಗಿದೆ. ನಿನ್ನ ಅಕ್ಕನ ಸೊಂಟನೋವು ಇದ್ದ ಹಾಗೇ ಇದೆ. ಸಂದರ್ಶನಕ್ಕೆ ಮೊದಲು ನಿನ್ನ ಪುಸ್ತಕ ಬಂದರೆ ಕಾಲೇಜಿನ ಕೆಲಸ ಸಿಕ್ಕಂತೆಯೇ ಎಂದು ನೀನು ಮೂರು ಕಾಗದ ಬರೆದೆ. ಒಂದರಲ್ಲೂ ಅವಳ ಸೊಂಟ ಹೇಗಿದೆ ಎಂದು ಕೇಳಿಲ್ಲ. ಇರಲಿ, ನೀನು ದೊಡ್ಡ ದೊಡ್ಡ ವಿಷಯ ಯೋಚಿಸುವವಳು.

ಪುಸ್ತಕದ ಪ್ರೂಫ್ ನಾನೂ ನಿನ್ನ ಅಕ್ಕನೂ ನೋಡಿದೆವು. ಬೇರೆ ಯಾರಿಗಾದರೂ ಕೊಡಿ ಎಂದು ಮಾಲೀಕರಿಗೆ ಗುಟ್ಟಾಗಿ ಬರೆದಿದ್ದೆಯಂತೆ. ಇಡೀ ಪ್ರೆಸ್ಸಿನಲ್ಲಿ ಪ್ರೂಫ್ ನೋಡುವವರು ನಾವಿಬ್ಬರೇ ಎಂಬುದು ಮರೆತೇ ಹೋಯಿತೆ? ನಮ್ಮ ಪದ್ಧತಿ ನಿನಗೆ ಗೊತ್ತು. ಅವಳು ಹಸ್ತಪ್ರತಿಯನ್ನು ಕಾಮಾ, ಫುಲ್‌ಸ್ಟಾಪ್ ಸಮೇತ ಗಟ್ಟಿಯಾಗಿ ಓದುತ್ತಾಳೆ, ನಾನು ಅಚ್ಚಿನ ಹಾಳೆಯ ಮೇಲೆ ಪೆನ್ಸಿಲ್ ಓಡಿಸುತ್ತೇನೆ. ಚಿಕ್ಕಂದಿನಲ್ಲಿ ನೀನು ಅವಳನ್ನು ಅಣಕಿಸುತ್ತ, ಊಟಕ್ಕೆ ಕರೆದರೆ "ಬಂದೆ ಫುಲ್‌ಸ್ಟಾಪ್" ಅನ್ನುತ್ತಿದ್ದೆ. ಎಷ್ಟು ನಗುತ್ತಿದ್ದೆವು.

ಮುನ್ನುಡಿ ನಿನ್ನದೇ, ಸಂಶಯವಿಲ್ಲ. ಒಂದೊಂದು ವಾಕ್ಯವೂ ಮೈತುಂಬ ಒಡವೆ ಹೇರಿಕೊಂಡು ನಡೆಯಲಾರದೆ ಕೂತಿದೆ. ಆಮೇಲೆ ಹಳೆಯ ಅಮೆರಿಕನ್ ಸಣ್ಣಕಥೆಗಳ ಇಬ್ಬರು ಹೆಂಗಸರನ್ನು ಹೋಲಿಸುವ ಅಧ್ಯಾಯ. ಒಬ್ಬಳು ರೈಲ್ವೆ ಗೇಟು ಕಾಯುವವನ ಹೆಂಡತಿ; ಅವಳ ಕಥೆಗಾರ ನಾಲ್ಕು ಪದಕ್ಕೆ ವಾಕ್ಯ ಮುಗಿಸುತ್ತಾನೆ, ದುಃಖವನ್ನು ಹೇಳದೆಯೇ ಬಿಡುತ್ತಾನೆ. ಇನ್ನೊಬ್ಬಳು ಬಾಡಿಗೆ ಕೋಣೆಗಳ ಯಜಮಾನಿ. ಅವಳ ಕಥೆಗಾರ ನಗಿಸುತ್ತ, ಅಳಿಸುತ್ತ ಅರ್ಧ ಪುಟದುದ್ದ ವಾಕ್ಯ ಎಳೆಯುತ್ತಾನೆ. ಒಂದು ಪುಟ ಓದಿದ ನಿನ್ನ ಅಕ್ಕ ನಿಲ್ಲಿಸಿದಳು. ಹಸ್ತಪ್ರತಿಯನ್ನು ಮಗುಚಿ ಮೇಜಿನ ಮೇಲಿಟ್ಟಳು. ಕಣ್ಣು ಮುಚ್ಚಿ ಮುಂದುವರಿಸಿದಳು. ಹದಿನಾಲ್ಕು ಪುಟ, ಒಂದು ಕಾಮಾ ತಪ್ಪಲಿಲ್ಲ. ಮುಂದಿನ ಅಧ್ಯಾಯಗಳೂ ಹಾಗೆಯೇ ಮುಗಿದವು.

ನಿಮ್ಮ ಅಪ್ಪ ತೀರಿಕೊಂಡ ವರ್ಷ, ನೀನು ಓದಲಿ ಎಂದು ಅವಳು ಎಂ.ಎ. ಬಿಟ್ಟು ಪ್ರೆಸ್ಸಿಗೆ ಬಂದಳು. ಈ ಕಥೆಗಳ ಬಗ್ಗೆ ಅವಳು ಬರೆದಿಟ್ಟಿದ್ದ ಆ ದಪ್ಪ ನೋಟ್‌ಬುಕ್ಕಿಗೆ ಗೆದ್ದಲು ಹಿಡಿದಿತ್ತು, ಸುಟ್ಟುಹಾಕಿದೆ ಎಂದವಳು ನೀನು. ಅವತ್ತು ಅವಳು ಊಟ ಬಿಟ್ಟಳು. ಪಕ್ಕದಲ್ಲಿ ಕೂತು ಸಮಾಧಾನ ಮಾಡಿದವಳೂ ನೀನೇ. ನನಗೆ ಇನ್ನೊಂದು ಅನುಮಾನ ಬಂತು. ಪುಸ್ತಕದಲ್ಲಿ ಯಜಮಾನಿ ಕುಂಟಿ, ಆ ಕುಂಟುನಡೆಯೇ ಕಥೆಗಾರನ ವಾಕ್ಯಗಳಿಗೂ ಬಂದಿದೆ ಎಂದು ಒಂದೂವರೆ ಪುಟ ವಾದವಿತ್ತಲ್ಲ, ಲೈಬ್ರರಿಗೆ ಹೋಗಿ ನನ್ನ ಹರಕು ಇಂಗ್ಲಿಷಿನಲ್ಲೇ ಮೂಲ ಕಥೆಗಳನ್ನು ಓದಿದೆ. ಯಜಮಾನಿಯ ಕಾಲು ನೆಟ್ಟಗಿದೆ. ಕುಂಟಿ ಗೇಟಿನವಳು. ಅಕ್ಕ ನೆನಪಿನಿಂದ ಬರೆದು ಎಡವಿದ್ದಳು, ನೀನು ಕಥೆಗಳನ್ನೇ ಓದದೆ ಎಡವಿದೆ.

ಹೇಳಿದರೆ ಅವಳು ನಕ್ಕಳು. "ಅಮ್ಮಾ, ಆ ತಪ್ಪೂ ನಂದೇ. ಹೋಗ್ಲಿ ಬಿಡು, ಅವಳಿಗಾದ್ರೂ ಕೆಲಸ ಸಿಗ್ಲಿ" ಅಂದಳು. ನಿನ್ನ ಮಾನ ಉಳಿಸಲೆಂದು ಒಂದೇ ಮಧ್ಯಾಹ್ನದಲ್ಲಿ ಆ ಒಂದೂವರೆ ಪುಟವನ್ನು ಹೊಸದಾಗಿ ಬರೆದುಕೊಟ್ಟಳು. ನನಗೆ ಅವಳ ಮೇಲೂ ಸಿಟ್ಟು ಬಂತು. ಇಷ್ಟು ಒಳ್ಳೆಯವಳನ್ನು ಹೆತ್ತದ್ದು ನನ್ನ ಒಂದು ತಪ್ಪು, ನಿನ್ನನ್ನು ಹೆತ್ತದ್ದು ಇನ್ನೊಂದು. ಹೆತ್ತವರಿಗೆ ಹೆಗ್ಗಣ ಮುದ್ದು ನಿಜ. ಅದು ಮನೆಯ ಗೋಡೆಯನ್ನೇ ಕೊರೆಯುವ ತನಕ. ಅಚ್ಚಿಗೆ ಹೋಗಬಹುದು ಎಂದು ಕೊನೆಯ ಸಹಿ ಹಾಕುವವಳು ನಾನೇ, ನೆನಪಿರಲಿ.

ಮೈ ಹುಷಾರಾಗಿ ನೋಡಿಕೊ. ದೇವರು ನಿನ್ನ ಸ್ವಂತ ಶ್ರಮಕ್ಕೆ ತಕ್ಕದ್ದನ್ನು ಕೊಡಲಿ, ಅದಕ್ಕಿಂತ ಒಂದು ಚೂರೂ ಹೆಚ್ಚಲ್ಲ.

ಇಬ್ಬರ ತಾಯಿ

ಮರೆತಿದ್ದೆ: ಪುಸ್ತಕ ಸಿದ್ಧವಾಗಿದೆ. ನೀನು ಕೇಳಿದಂತೆ ಐದು ಪ್ರತಿಗಳನ್ನು ನೇರವಾಗಿ ಆಯ್ಕೆ ಸಮಿತಿಗೇ ಕಳಿಸಿದ್ದೆ, ನಿನ್ನೆ ತಲುಪಿವೆ. ಮುನ್ನುಡಿ ತೆಗೆಸಿದೆ. ಮುಖಪುಟದ ಮೇಲೆ ಅಕ್ಕನ ಹೆಸರಿದೆ. ಅವಳಿಗೆ ಇನ್ನೂ ಗೊತ್ತಿಲ್ಲ. ನಿನ್ನ ಹೆಸರನ್ನೂ ಪೂರ್ತಿ ಬಿಟ್ಟಿಲ್ಲ, ಹೆತ್ತ ಕರುಳಲ್ಲವೆ? ಕೊನೆಯ ಪುಟದ ಕೃತಜ್ಞತೆಗಳಲ್ಲಿ ಹಾಕಿಸಿದ್ದೇನೆ: ಹಸ್ತಪ್ರತಿಯನ್ನು ಅಂದವಾಗಿ ನಕಲು ಮಾಡಿಕೊಟ್ಟ ತಂಗಿಗೆ.