ಅಡುಗೆಮನೆಯ ಕಿಟಕಿ

ಏಪ್ರಿಲ್ ೧೮, ಗುರುವಾರ

ಇವತ್ತು ಸೊಸೆ ಒಲೆಯ ಮುಂದೆಯೇ ತಲೆ ಸುತ್ತಿ ಕುಳಿತುಬಿಟ್ಟಳು. "ನಾವೆಲ್ಲ ಫ್ಯಾನೂ ಇಲ್ದೆ ಅಡುಗೆ ಮಾಡಿದೋರಮ್ಮಾ" ಎಂದು ಕೊಂಕು ನುಡಿದು, ನಾನೇ ಸೌಟು ಹಿಡಿದೆ. ಹತ್ತು ನಿಮಿಷವೂ ನಿಲ್ಲಲಾಗಲಿಲ್ಲ. ಒಲೆ ಆರಿಸಿದರೂ ಬಿಸಿ ಇಳಿಯಲಿಲ್ಲ. ಕಿಟಕಿಯಾಚೆ ನೋಡಿದರೆ ನನ್ನ ಕೋಣೆಯ ಎಸಿಯ ಹೊರಗಿನ ಪೆಟ್ಟಿಗೆ ಬಿಸಿಗಾಳಿಯನ್ನೆಲ್ಲ ಒಳಕ್ಕೆ ಊದುತ್ತಿತ್ತು.

ಪಕ್ಕದ ಖಾಲಿ ಜಾಗದಲ್ಲಿ ಐದಂತಸ್ತಿನ ಕಟ್ಟಡ ಎದ್ದು ಗಾಳಿ ನಿಂತ ವರ್ಷ ಈ ಎಸಿ ಹಾಕಿಸಿದ್ದು. "ಮುಂದಿನ ಗೋಡೆಗೆ ಹಾಕೋಣಮ್ಮಾ" ಅಂದಿದ್ದ ಮೆಕ್ಯಾನಿಕ್. ಮನೆಯ ಅಂದ ಕೆಡುತ್ತದೆ, ಹಿಂದೆ ಅಡುಗೆಮನೆಯ ಕಡೆ ಹಾಕು ಎಂದವಳು ನಾನೇ. ಆ ಕಟ್ಟಡದವರ ಎಸಿಗಳು ನಮ್ಮ ಮೇಲೆ ಬಿಸಿ ಕಾರುತ್ತವೆ ಎಂದು ಬೀದಿಗೆಲ್ಲ ಕೇಳುವಂತೆ ಬೈದವಳೂ ನಾನೇ. ಮೂರು ಬೇಸಿಗೆ ಸೊಸೆ ಇಲ್ಲಿ ಬೆಂದಳು, ನಾನು ಹೊದ್ದು ಮಲಗಿದೆ. ಸೋಮಾರಿ ಎಂದು ಬೇರೆ ಅಂದೆ.

ಸಂಜೆಯಿಂದ ಎಸಿ ಆರಿಸಿದ್ದೇನೆ. ಸೊಸೆ ಬಂದು, "ಕೆಟ್ಟೋಯ್ತಾ ಅತ್ತೆ?" ಎಂದಳು. "ಹೂಂ" ಎಂದೆ. ತಪ್ಪಾಯಿತು ಎನ್ನಲು ನಾಲಿಗೆ ಏಳಲಿಲ್ಲ.

ನನಗೆ ಸೆಕೆ ತಡೆಯುವುದಿಲ್ಲವೆಂದು ನಾಳೆ ಬೆಳಿಗ್ಗೆಯೇ ಮೆಕ್ಯಾನಿಕ್‌ನನ್ನು ಕರೆಸುತ್ತಾಳಂತೆ. ಅವನು ಬಂದು ಏನೂ ಕೆಟ್ಟಿಲ್ಲ ಎನ್ನುವ ಮೊದಲು ನಾನೇ ಅವಳಿಗೆ...