ಉಗುರುಬೆಚ್ಚಗಿನ ನೀರು

ಸಿರುಗುಪ್ಪ
೧೨ ಜನವರಿ ೧೯೭೪

ಮಗಳು ಜಂಬಮ್ಮನಿಗೆ ನಿನ್ನ ಅವ್ವನ ಆಶೀರ್ವಾದ.

ನಾವೆಲ್ಲ ಕ್ಷೇಮ. ಮೊನ್ನೆಯವರೆಗೆ ನಿಮ್ಮಪ್ಪನ ಸಿಟ್ಟೂ ಕ್ಷೇಮವಾಗಿತ್ತು.

ದೀಪಾವಳಿಯ ಹೊತ್ತಿಗೆ ಬಳ್ಳಾರಿಯ ನಿನ್ನ ಮನೆಗೆ ಬಂದಿದ್ದ ನಿಮ್ಮಪ್ಪ ಗೋಡೆಯ ಮೇಲಿನ ಪಟ ನೋಡಿ ಬಾಗಿಲಿನಿಂದಲೇ ಹಿಂತಿರುಗಿದರಲ್ಲ, ಅಂದಿನಿಂದ ಇಲ್ಲಿ ಅದೇ ರಾಮಾಯಣ. ಅಳಿಯ ಕ್ರೈಸ್ತನೆಂಬುದನ್ನು ಹೇಗೋ ನುಂಗಿಕೊಂಡಿದ್ದರು. ಆದರೆ ಮೋಡದ ಮೇಲೆ ಕುಳಿತ ಬಿಳಿಗಡ್ಡದ ಮುದುಕನನ್ನು ದೇವರೆಂದು ಮಗಳು ಕೈಮುಗಿಯುವುದು ಅವರಿಗೆ ಗಂಟಲಲ್ಲಿ ಸಿಕ್ಕಿಕೊಂಡಿತು. ಚೊಚ್ಚಲ ಹೆರಿಗೆಗೆ ನಿನ್ನನ್ನು ಕರೆತರೋಣ ಎಂದರೆ, ಆ ಮುದುಕನೇ ಬಾಣಂತನ ಮಾಡಲಿ ಎನ್ನುತ್ತಿದ್ದರು.

ನಿನ್ನ ಕಾಗದವನ್ನು ಅವರಿಗೆ ಗಟ್ಟಿಯಾಗಿ ಓದಿ ಹೇಳಿದೆ. ದೇವರಿಗೆ ಮೈಯಿಲ್ಲ, ನಿಮ್ಮ ಸತ್ಯವೇದದಲ್ಲಿ ಕೈ, ಕಣ್ಣು, ಮುಖ ಎಂದು ಬರುವುದೆಲ್ಲ ನಮಗೆ ತಿಳಿಯಲೆಂದು ಹೇಳಿದ್ದು ಎಂದು ಬರೆದಿದ್ದೆಯಲ್ಲ. ಕೂಸಿನೊಂದಿಗೆ ದೊಡ್ಡವರು ತೊದಲಿದ ಹಾಗೆ ದೇವರು ನಮ್ಮೊಂದಿಗೆ ತೊದಲುತ್ತಾನೆ ಎಂದು ನಿಮ್ಮ ಪಾದ್ರಿಗಳು ಹೇಳಿದ್ದನ್ನೂ ಓದಿದೆ. ನನಗಂತೂ ಆ ಮಾತು ಬಹಳ ಹಿಡಿಸಿತು. ಕೂಸು ಸಾಕಿದವಳಿಗೆ ಅದು ಅರ್ಥವಾಗದೆ ಇರುತ್ತದೆಯೇ? ನಿಮ್ಮಪ್ಪ ಮಾತ್ರ ಜಗ್ಗಲಿಲ್ಲ. ಮೀಸೆ ಬಂದವರೊಂದಿಗೆ ತೊದಲುವುದೇಕೆ, ನಮ್ಮ ಲಿಂಗಕ್ಕೆ ಮುಖವೂ ಇಲ್ಲ ಮೂಗೂ ಇಲ್ಲ, ನಾವು ಪೂಜೆ ಮಾಡುತ್ತಿಲ್ಲವೇ ಎಂದರು.

ಮರುದಿನ ಬೆಳಿಗ್ಗೆ ಕೊರಳಿನ ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಪೂಜೆಗೆ ಕುಳಿತರು. ಚಳಿಗಾಲದಲ್ಲಿ ಲಿಂಗಕ್ಕೆ ಎರೆಯಲು ಅವರಿಗೆ ಉಗುರುಬೆಚ್ಚಗಿನ ನೀರೇ ಆಗಬೇಕು, ನಿನಗೆ ಗೊತ್ತಲ್ಲ. ನಾನು ಬೇಕೆಂದೇ ತಣ್ಣೀರು ಕೊಟ್ಟೆ. ಬೆರಳು ಅದ್ದಿ ನೋಡಿದವರೇ ರೇಗಿದರು. "ಏ ಜಡೆಮ್ಮ, ಶಿವಗ ಚಳಿ ಆಗೂದಿಲ್ಲೇನು?" ಎಂದರು.

"ಮೈಯಿಲ್ಲದವಗ ಚಳಿ ಎಲ್ಲಿಂದ ಬರತೈತ್ರಿ?" ಎಂದೆ.

ತಂಬಿಗೆಗೆ ಮತ್ತೊಮ್ಮೆ ಬೆರಳು ಅದ್ದಿ ನೋಡಿದರು. ಪಾಪ ಎನಿಸಿ ಬಿಸಿನೀರು ಬೆರೆಸಿ ಕೊಟ್ಟೆ. ಸಂಜೆ, ಆಯಿತು, ಮಗಳು ಬರಲಿ ಎಂದು ಒಪ್ಪಿದರು.

ಸಂಕ್ರಾಂತಿ ಮುಗಿದ ಮೇಲೆ ಬೆಳಗಿನ ಬಸ್ಸಿಗೆ ಹೊರಡು. ಅಳಿಯಂದಿರಿಗೆ ರಜೆ ಸಿಗದಿದ್ದರೆ ಒಬ್ಬಳೇ ಬಂದುಬಿಡು, ನಾನು ಬಸ್ ಸ್ಟ್ಯಾಂಡಿನಲ್ಲಿ ಕಾದಿರುತ್ತೇನೆ. ನಿನ್ನನ್ನು ನೋಡದೆ ಜೀವ ಬಹಳ ಒದ್ದಾಡುತ್ತಿದೆ ಮಗಳೇ.

ನಿನ್ನ ದಾರಿ ಕಾಯುವ
ಅವ್ವ, ಜಡೆಮ್ಮ

ತಾ.ಕ.: ಇದನ್ನು ಬರೆಯುತ್ತಿರುವವನು ನಿನ್ನ ಅಪ್ಪ ದೊಡ್ಡಬಸಪ್ಪ. ಪೋಸ್ಟಿಗೆ ಹಾಕಿರೆಂದು ನಿಮ್ಮವ್ವ ಕಾಗದವನ್ನು ಅಂಟಿಸದೆಯೇ ಕೊಟ್ಟಳು. ಓದಿದೆ. ನಾನು ಒಪ್ಪಿದೆ ಎಂಬುದು ಸುಳ್ಳು; ಆ ಸಂಜೆ ನಾನು ಬಾಯಿಯನ್ನೇ ತೆರೆದಿಲ್ಲ. ದೇವರಿಗೆ ಕೈ ಇದೆಯೋ ಇಲ್ಲವೋ ನಿಮ್ಮ ಪಾದ್ರಿಗಳು ನೋಡಿಕೊಳ್ಳಲಿ. ಏಳು ತಿಂಗಳ ಬಸುರಿ ಬಸ್ಸು ಹತ್ತಿ ಇಳಿಯುವಾಗ ಹಿಡಿದುಕೊಳ್ಳಲು ಒಂದು ಕೈ ಬೇಕು. ಒಬ್ಬಳೇ ಹೊರಡಬೇಡ. ಗುರುವಾರ ನಾನೇ ಬರುತ್ತೇನೆ.