ಎಡಗೈ ರೊಟ್ಟಿ

ಅವ್ವಾ,

ನೀನು ತೀರಿಕೊಂಡು ಒಂಬತ್ತು ವರ್ಷವಾಯಿತು. ಈ ಕಾಗದ ಎಲ್ಲಿಗೂ ಹೋಗುವುದಿಲ್ಲ, ಆದರೂ ಹೇಳಬೇಕು. ಹೋದ ವಾರ ಹುಬ್ಬಳ್ಳಿಯಲ್ಲಿ ನನ್ನ ಬಲಗೈ ಮಣಿಕಟ್ಟಿಗೆ ಆಪರೇಷನ್ ಆಯಿತು. ಕೈಯನ್ನು ದೊಡ್ಡದಾಗಿ ಕೊಯ್ಯಲಿಲ್ಲ. ಎರಡು ಸಣ್ಣ ತೂತು ಮಾಡಿ, ಕ್ಯಾಮೆರಾ ಇಳಿಸಿ, ಸವೆದ ಕೀಲನ್ನು ಒಳಗೇ ಸ್ವಚ್ಛ ಮಾಡಿದರು.

"ಎಷ್ಟು ದಿನದಿಂದ ನೋವೈತ್ರಿ?" ಎಂದು ಡಾಕ್ಟರು ಕೇಳಿದ್ದರು.

"ನಾಕು ತಿಂಗಳಾತ್ರಿ."

"ಮನ್ಯಾಗ ಮತ್ಯಾರಿಗರೆ ಹಿಂಗ ಇತ್ತೇನ್ರಿ?"

"ಇಲ್ರಿ" ಎಂದೆ.

ಹನುಮಸಾಗರಕ್ಕೆ ಮರಳುವ ಬಸ್ಸಿನಲ್ಲಿ ನೆನಪಾಯಿತು. ನಾನು ಏಳನೇ ತರಗತಿಯಲ್ಲಿದ್ದಾಗ ನೀನು ಇದ್ದಕ್ಕಿದ್ದಂತೆ ಎಡಗೈಯಲ್ಲಿ ರೊಟ್ಟಿ ಬಡಿಯತೊಡಗಿದೆ. ಅಂಚು ಒಡೆಯುತ್ತಿತ್ತು. "ನಮ್ಮವ್ವಗ ರೊಟ್ಟಿ ಮಾಡೋದು ಮರ್ತ ಹೋಗೈತಿ" ಎಂದು ನಾನು ನಕ್ಕಿದ್ದೆ. ನೀನೂ ನಕ್ಕಿದ್ದೆ. ಬುಟ್ಟಿಯಲ್ಲಿ ನೆಟ್ಟಗಿದ್ದವನ್ನು ನಾನು ಆರಿಸಿಕೊಳ್ಳುತ್ತಿದ್ದೆ, ಒಡೆದವು ನಿನ್ನ ಪಾಲಿಗೆ ಉಳಿಯುತ್ತಿದ್ದವು. ಹೀಗೇ ಎಷ್ಟೋ ವರ್ಷ.

ಇವತ್ತು ಮಗಳು ರಂಜಿತಾ ನಾದಿಕೊಟ್ಟ ಹಿಟ್ಟನ್ನು ಎಡಗೈಯಲ್ಲಿ ಬಡಿದೆ. ನಾಲ್ಕೂ ರೊಟ್ಟಿ ಒಡೆದವು. ಅವಳು ಒಡೆದ ಅಂಚನ್ನು ನೋಡಿ, ನನ್ನ ಮುಖ ನೋಡಿ, "ಯವ್ವಾ, ಕೈ ಭಾಳ ನೋಯಾಕತ್ತೈತೇನು?" ಎಂದಳು.

ಅದನ್ನು ಕೇಳಲು ಅವಳಿಗೆ ಒಂದು ಗಳಿಗೆಯೂ ಹಿಡಿಯಲಿಲ್ಲ, ಅವ್ವಾ.